ಕಂಪನಿ ಬದಲಿಸುವ ಮಗನಿಗೆ ನಿಷ್ಠೆ ಇಲ್ಲವೇ?

ಪ್ರಶ್ನೆ: ನನ್ನ ತಮ್ಮ 1998ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ ಇಂದಿಗೂ ಅಲ್ಲೇ ಇದ್ದಾನೆ. ನನ್ನ ಮಗ ನಾಲ್ಕು ವರ್ಷದಲ್ಲಿ ಮೂರನೇ ಕಂಪನಿ ಸೇರಿದ್ದಾನೆ. ಸಂಜೆ ಏಳಾದರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾನೆ. ಈಗಿನವರಿಗೆ ನಿಷ್ಠೆ ಇಲ್ಲವೇ?
– ಓದುಗರೊಬ್ಬರು, ಕುಂತೂರು, ಕೊಳ್ಳೇಗಾಲ ತಾಲ್ಲೂಕು

ಉತ್ತರ: ನಿಷ್ಠೆ ಇದೆ. ಆದರೆ ಅದು ಕಂಪನಿಯನ್ನು ಬಿಟ್ಟು ಕಸುಬಿನ ಕಡೆಗೆ ಸರಿದಿದೆ. ಇದಕ್ಕೆ ಕಾರಣ ಹುಡುಗರ ಗುಣಕ್ಕಿಂತ ಹೆಚ್ಚಾಗಿ ಬದಲಾದ ಕಾಲ.

ನಿಮ್ಮ ತಮ್ಮ ಸೇರಿದ್ದು ಉದ್ಯಮ ಏರುತ್ತಿದ್ದ ಹೊತ್ತಿನಲ್ಲಿ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಂಗಳು 2000 ಬಂದಾಗ ಎಡವದಂತೆ ತಿದ್ದುವ ವೈಟುಕೆ ಕೆಲಸ ರಾಶಿರಾಶಿಯಾಗಿ ಬಂದಿತ್ತು. ಇನ್ಫೋಸಿಸ್‌ನಂಥ ಕಂಪನಿಗಳು ನೌಕರರಿಗೂ ಷೇರು ಕೊಟ್ಟವು. ದುಡಿದವರಿಗೆ ಬೇಗ ಬಡ್ತಿ, ಅಮೆರಿಕದ ಆನ್‌ಸೈಟ್ ಅವಕಾಶ ಸಿಕ್ಕವು. ಕಂಪನಿ ಬೆಳೆದರೆ ತಾವೂ ಬೆಳೆಯುತ್ತೇವೆ ಎಂಬ ಅವರ ನಂಬಿಕೆಗೆ ಆಧಾರವಿತ್ತು.

ನಿಮ್ಮ ಮಗ ಕಂಡದ್ದು ಬೇರೆ. ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬೆಂಗಳೂರಿನ ಮನೆ ಬಾಡಿಗೆ ಹಾಗೆ ನಿಲ್ಲಲಿಲ್ಲ. ಇದ್ದಲ್ಲೇ ಇದ್ದರೆ ಸಣ್ಣ ಹೈಕ್, ಕಂಪನಿ ಬದಲಿಸಿದರೆ ದೊಡ್ಡದು. 2022ರಿಂದೀಚೆಗೆ ಜಗತ್ತಿನ ದೊಡ್ಡ ಟೆಕ್ ಕಂಪನಿಗಳೇ ಸಾವಿರಾರು ಜನರನ್ನು ಮನೆಗೆ ಕಳಿಸಿದ್ದನ್ನೂ ಅವನ ಪೀಳಿಗೆಯವರು ನೋಡಿದ್ದಾರೆ. ನಿಮ್ಮ ಊರಿನ ಮಾತಲ್ಲೇ ಹೇಳುವುದಾದರೆ, ಸಕ್ಕರೆ ಕಾರ್ಖಾನೆಯ ಹಣ ತಡವಾದರೆ ಕಬ್ಬು ಬೆಳೆಗಾರ ಆಲೆಮನೆಯ ಕಡೆ ನೋಡುತ್ತಾನೆ. ಅವನನ್ನು ನಿಷ್ಠೆಯಿಲ್ಲದವನೆಂದು ಕುಂತೂರಿನಲ್ಲಿ ಯಾರೂ ಅನ್ನುವುದಿಲ್ಲ.

ಕೆಲಸದ ಗಂಟೆಯ ವಿಷಯವೂ ಹೀಗೆಯೇ. 2023ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಮೆಚ್ಚಿದವರೂ ಇದ್ದರು, ಸಿಟ್ಟಾದವರೂ ಇದ್ದರು. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆಯವರೆಗೆ ಕೆಲಸಕ್ಕೆ ದಾರಿ ಮಾಡುವ ಪ್ರಸ್ತಾವವನ್ನು ರಾಜ್ಯದ ಐಟಿ ನೌಕರರ ಸಂಘ ‘ಕಿಟು’ ಬಲವಾಗಿ ವಿರೋಧಿಸಿತು. ಕೋವಿಡ್ ಕಾಲದಲ್ಲಿ ಆಫೀಸು ಮಲಗುವ ಕೋಣೆಗೇ ಬಂದದ್ದನ್ನು ಕಂಡವರು ಲ್ಯಾಪ್‌ಟಾಪ್ ಮುಚ್ಚುವ ಹೊತ್ತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದು ಸೋಮಾರಿತನವಲ್ಲ.

ಆದರೂ ನಿಮ್ಮ ತಮ್ಮನಂಥವರಿಂದ ಕಿರಿಯರು ಕಲಿಯಬೇಕಾದ್ದು ಒಂದಿದೆ. ತಾನು ಬರೆದ ಕೋಡ್ ನಾಲ್ಕೈದು ವರ್ಷದ ಮೇಲೆ ಎಲ್ಲಿ ಕೈಕೊಡುತ್ತದೆ ಎಂಬುದು ಅಲ್ಲೇ ಉಳಿದು ದುರಸ್ತಿ ಮಾಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಪದೇ ಪದೇ ಜಿಗಿಯುವವರಿಗೆ ಆ ಪಾಠ ತಪ್ಪುತ್ತದೆ.

ಹಾಗಾಗಿ ಮಗನನ್ನು ‘ಯಾಕೆ ಬಿಟ್ಟೆ’ ಎಂದು ಕೇಳಬೇಡಿ, ‘ಅಲ್ಲಿ ಏನು ಕಲಿತೆ’ ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರ ಅವನಲ್ಲಿದ್ದರೆ ನೀವು ಚಿಂತಿಸಬೇಕಾಗಿಲ್ಲ.