ಮೂರು ಬಾಟಲಿ, ಒಂದು ಕಹಿ: ಮನೆಯಲ್ಲೇ ನೆಗ್ರೋನಿ

ಕಾಕ್‌ಟೇಲ್ ಎಂದರೆ ಶೇಕರ್ ಹಿಡಿದು ಕುಲುಕಬೇಕು, ಹಣ್ಣಿನ ರಸ ಹಿಂಡಬೇಕು, ಗ್ಲಾಸಿನ ಮೇಲೊಂದು ಕಾಗದದ ಕೊಡೆ ಸಿಕ್ಕಿಸಬೇಕು ಎಂದುಕೊಂಡವರು ನೆಗ್ರೋನಿಯಿಂದ ಶುರು ಮಾಡುವುದು ಒಳ್ಳೆಯದು. ಇದಕ್ಕೆ ಅದ್ಯಾವುದೂ ಬೇಡ. ಜಿನ್, ಕಂಪಾರಿ, ಕೆಂಪು ಸಿಹಿ ವರ್ಮೂತ್ ತಲಾ 30 ಎಂ.ಎಲ್., ಧಾರಾಳವಾಗಿ ಐಸ್, ಕಿತ್ತಳೆ ಸಿಪ್ಪೆಯ ಒಂದು ತುಂಡು. ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘ ಒಪ್ಪಿರುವ ಅಳತೆಯೂ ಇದೇ. ನಮ್ಮ ಬಾರ್‌ಗಳ ಲೆಕ್ಕದಲ್ಲಿ ಮೂರೂ ಒಂದೊಂದು ಸ್ಮಾಲ್.

ಇಷ್ಟು ಸುಲಭದ್ದು ಮನೆಯಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ತಿಂಗಳುಗಟ್ಟಲೆ ಶೋಕೇಸಿನಲ್ಲಿ ಕೂತ ವರ್ಮೂತ್ ಮತ್ತು ಸುರಿದ ಕೂಡಲೇ ಕರಗಿ ನೀರಾಗುವ ಐಸ್. ಜಿನ್ ಎಷ್ಟೇ ದುಬಾರಿಯದಾದರೂ ಇವೆರಡು ಕೈಕೊಟ್ಟರೆ ಉಪಯೋಗವಿಲ್ಲ.

ಹಿನ್ನೆಲೆ ಚುಟುಕಾಗಿ ಹೇಳುವುದಾದರೆ, ಇದು ಇಟಲಿಯ ಫ್ಲಾರೆನ್ಸ್‌ನದು. 1919ರಲ್ಲಿ ಅಲ್ಲಿನ ಕಸೋನಿ ಕೆಫೆಗೆ ಬಂದ ಕಮಿಲ್ಲೊ ನೆಗ್ರೋನಿ ಎಂಬ ಶ್ರೀಮಂತ, ತಾನು ಕುಡಿಯುತ್ತಿದ್ದ ಅಮೆರಿಕಾನೊ ಪೇಯಕ್ಕೆ ಸೋಡಾ ಬದಲು ಜಿನ್ ಹಾಕು ಎಂದನಂತೆ. ಬಾರ್‌ಟೆಂಡರ್ ಫಾಸ್ಕೊ ಸ್ಕಾರ್ಸೆಲ್ಲಿ ಹಾಕಿಕೊಟ್ಟನಂತೆ. ಕಥೆಯ ಬಗ್ಗೆ ತಕರಾರುಗಳಿವೆ. ರುಚಿಯ ಬಗ್ಗೆ ನನಗೇನೂ ತಕರಾರಿಲ್ಲ.

ಬಾಟಲಿ ಕೊಳ್ಳುವಾಗ

ಕಂಪಾರಿಗೆ ಬದಲಿ ಹುಡುಕಬೇಡಿ. 1860ರಲ್ಲಿ ಗಾಸ್ಪಾರೆ ಕಂಪಾರಿ ತಯಾರಿಸಿದ ಈ ಕೆಂಪು ಕಹಿಮದ್ಯದಲ್ಲಿ ಯಾವ ಯಾವ ಗಿಡಮೂಲಿಕೆ ಇವೆ ಎಂಬುದನ್ನು ಕಂಪನಿ ಇಂದಿಗೂ ಗುಟ್ಟಾಗಿಟ್ಟಿದೆ. ಬಾಟಲಿ ಅಗ್ಗವಲ್ಲ, ನಿಜ. ಆದರೆ ಮದ್ಯಸಾರ ಮತ್ತು ಸಕ್ಕರೆ ಎರಡೂ ಸಾಕಷ್ಟಿರುವುದರಿಂದ ತೆರೆದ ಮೇಲೂ ತಿಂಗಳುಗಟ್ಟಲೆ ಹಾಳಾಗದೆ ಇರುತ್ತದೆ.

ಜಿನ್ ವಿಷಯದಲ್ಲಿ ನಾವೀಗ ಅದೃಷ್ಟವಂತರು. ಜುನಿಪರ್ ಘಮ ಎದ್ದು ಕಾಣುವ ಲಂಡನ್ ಡ್ರೈ ಬಗೆಯದನ್ನು ಆರಿಸಿ. ಗೋವಾದಲ್ಲಿ ತಯಾರಾಗುವ ‘ಗ್ರೇಟರ್ ದ್ಯಾನ್’ ಈ ಜಾತಿಯದು. ಸ್ಟ್ರಾಬೆರಿ, ಗುಲಾಬಿ ಅಂತ ಬಣ್ಣ ಬಳಿದ ಜಿನ್‌ಗಳು ಕಂಪಾರಿಯ ಮುಂದೆ ಸೊಲ್ಲೆತ್ತುವುದಿಲ್ಲ, ದುಡ್ಡು ದಂಡ.

ಇನ್ನು ವರ್ಮೂತ್. ಅಂಗಡಿಯಲ್ಲಿ ‘ರೊಸ್ಸೊ’ ಎಂದು ಬರೆದಿರುವ ಬಾಟಲಿ ಕೇಳಿ. ಡ್ರೈ ಅಥವಾ ಬಿಳಿಯದು ತಂದರೆ ನೆಗ್ರೋನಿ ಆಗುವುದಿಲ್ಲ. ಇದು ವಿಸ್ಕಿ, ರಮ್ಮಿನ ಹಾಗೆ ಗಟ್ಟಿ ಮದ್ಯವಲ್ಲ. ಗಿಡಮೂಲಿಕೆ ಸೇರಿಸಿ, ಒಂದಿಷ್ಟು ಸ್ಪಿರಿಟ್ ಬೆರೆಸಿ ಬಲಪಡಿಸಿದ ವೈನ್. ಮದ್ಯಾಂಶ ಶೇ 15ರಿಂದ 18ರ ಆಸುಪಾಸು. ಗಾಳಿ ತಾಕಿದ ದಿನದಿಂದಲೇ ಅದರ ಪರಿಮಳ ಇಳಿಯತೊಡಗುತ್ತದೆ, ಆಮೇಲೆ ಹುಳಿ ವಾಸನೆ ಬರುತ್ತದೆ. ಆದ್ದರಿಂದ ಮುಚ್ಚಳ ತೆರೆದ ಕೂಡಲೇ ಅದರ ಜಾಗ ಫ್ರಿಜ್. ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆದಿಡಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಅಷ್ಟು ಬೇಗ ಖರ್ಚಾಗದು ಎನಿಸಿದರೆ ತಂದ ದಿನವೇ ಅರ್ಧವನ್ನು ಶುಚಿಯಾದ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟೂ ಬಾಳಿಕೆ ಹೆಚ್ಚು. ಗೆಳೆಯರೊಬ್ಬರ ಜೊತೆ ಪಾಲು ಹಾಕಿಕೊಳ್ಳುವುದು ಇನ್ನೂ ಜಾಣತನ. ವರ್ಮೂತ್ ಸಿಗಲಿಲ್ಲವೆಂದು ಪೋರ್ಟ್ ವೈನ್ ಸುರಿಯುವವರಿದ್ದಾರೆ. ಸಿಹಿ ಬರುತ್ತದೆ, ಮೂಲಿಕೆಯ ಘಮ ಬರುವುದಿಲ್ಲ.

ಐಸ್ ಹಿಂದಿನ ದಿನವೇ

ಫ್ರಿಜ್ ಜೊತೆಗೆ ಬಂದ ಟ್ರೇಯ ಸಣ್ಣ ತುಂಡುಗಳು ಇದಕ್ಕೆ ಸಾಲವು. ಸಣ್ಣ ತುಂಡು ಬೇಗ ಕರಗುತ್ತದೆ, ಮೂರನೇ ಗುಟುಕಿಗೇ ಗ್ಲಾಸಿನಲ್ಲಿ ಕೆಂಪು ನೀರು ಉಳಿಯುತ್ತದೆ. ನಿಮ್ಮ ಗ್ಲಾಸಿನೊಳಗೆ ಇಳಿಯುವಂಥ ಸಣ್ಣ ಸ್ಟೀಲ್ ಕಾಫಿ ಲೋಟಕ್ಕೆ ಮುಕ್ಕಾಲು ಭಾಗ ಕುಡಿಯುವ ನೀರು ಹಾಕಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಲೋಟದ ಹೊರಮೈಗೆ ನಲ್ಲಿ ನೀರು ಬಿಟ್ಟರೆ ಇಡೀ ಗಡ್ಡೆ ಜಾರಿ ಕೈಗೆ ಬರುತ್ತದೆ. ಒಂದು ಎಚ್ಚರಿಕೆ: ಫ್ರೀಜರಿನಲ್ಲಿ ಮೀನು, ಮಸಾಲೆ ಏನಾದರೂ ಇದ್ದರೆ ಐಸ್ ಅದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಲೋಟವನ್ನು ಮುಚ್ಚಳವಿರುವ ಡಬ್ಬಿಯೊಳಗಿಡಿ.

ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಬಿಳಿ ಪುಡಿ ಸವರಿದಂತೆ ಒಣಗಿರುತ್ತದೆ. ಅದರ ಮೇಲೆ ಮದ್ಯ ಸುರಿದರೆ ಚಟ್ ಎಂದು ಸೀಳಿ ಚೂರಾಗುತ್ತದೆ. ಒಂದೆರಡು ನಿಮಿಷ ಹೊರಗೆ ಬಿಡಿ. ಮೈ ಒದ್ದೆಯಾಗಿ ಗಾಜಿನಂತೆ ಹೊಳೆಯತೊಡಗಿದಾಗ ಅದು ತಯಾರು.

ಗ್ಲಾಸಿಗೆ

ದಪ್ಪ ತಳದ ವಿಸ್ಕಿ ಗ್ಲಾಸನ್ನು ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಐಸ್ ಇಳಿಸಿ. ಮೊದಲು ಜಿನ್, ಆಮೇಲೆ ವರ್ಮೂತ್, ಕೊನೆಗೆ ಕಂಪಾರಿ ಹಾಕಿ. ಕ್ರಮ ಹಿಂದುಮುಂದಾದರೂ ಪರವಾಗಿಲ್ಲ, ಅಳತೆ ಹೆಚ್ಚುಕಡಿಮೆಯಾಗಬಾರದು. ಪೆಗ್ ಮೆಷರ್ ಇಲ್ಲದಿದ್ದರೆ ಮಕ್ಕಳ ಸಿರಪ್ ಜೊತೆ ಬರುವ, ಎಂ.ಎಲ್. ಗೆರೆಗಳಿರುವ ಮುಚ್ಚಳವನ್ನು ತೊಳೆದು ಬಳಸಿ. ಕಣ್ಣಳತೆ ಮಾತ್ರ ಬೇಡ; ಕಂಪಾರಿ 10 ಎಂ.ಎಲ್. ಹೆಚ್ಚಾದರೂ ನಾಲಿಗೆಗೆ ತಿಳಿಯುತ್ತದೆ.

ಈಗ ಉದ್ದ ಹಿಡಿಯ ಚಮಚದ ಬೆನ್ನು ಗ್ಲಾಸಿನ ಒಳಗೋಡೆಗೆ ತಾಗಿರುವಂತೆ ಹಿಡಿದು, ಅರ್ಧ ನಿಮಿಷ ನಿಧಾನವಾಗಿ ತಿರುಗಿಸಿ. ಕುಲುಕಿದರೆ ಗಾಳಿ ಗುಳ್ಳೆ ಸೇರಿ ಮಂಕಾಗುತ್ತದೆ. ತಿರುಗಿಸುವುದು ಬರೀ ಬೆರೆಸುವುದಕ್ಕಲ್ಲ: ತಣ್ಣಗಾಗುವುದೂ ಹದವಾಗಿ ನೀರು ಸೇರುವುದೂ ಈ ಅರ್ಧ ನಿಮಿಷದಲ್ಲೇ. ತಿರುಗಿಸುವ ಮುಂಚೆ ಒಂದು ಹನಿ ರುಚಿ ನೋಡಿ, ಪಾಕದಂತೆ ಮಂದವಾಗಿ ಗಂಟಲು ಸುಡುತ್ತದೆ. ಆಮೇಲೆ ನೋಡಿ. ಗ್ಲಾಸಿನ ಹೊರಗೆ ಮಂಜು ಕಟ್ಟಿತೆಂದರೆ ಚಮಚ ತೆಗೆಯಬಹುದು.

ಸಿಪ್ಪೆ ಅಲಂಕಾರಕ್ಕಲ್ಲ. ತರಕಾರಿ ಪೀಲರಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಪಟ್ಟಿ ತೆಗೆಯಿರಿ, ಒಳಗಿನ ಬಿಳಿ ಭಾಗ ಆದಷ್ಟು ಬರದಿರಲಿ. ಬಣ್ಣದ ಮೈ ಗ್ಲಾಸಿನ ಕಡೆಗಿರುವಂತೆ ಹಿಡಿದು ಮಡಚಿ ಹಿಸುಕಿದರೆ ಎಣ್ಣೆ ಸಿಡಿದು ಮೇಲೆ ಸಣ್ಣ ಸಣ್ಣ ಚುಕ್ಕಿಗಳಾಗಿ ತೇಲುತ್ತದೆ. ಗ್ಲಾಸಿನ ಅಂಚಿಗೊಮ್ಮೆ ಸವರಿ ಒಳಗೆ ಹಾಕಿ. ನಮ್ಮ ಕೊಡಗಿನ ಕಿತ್ತಳೆಯ ಘಮ ಚೆನ್ನ, ಆದರೆ ಸಿಪ್ಪೆ ಸಡಿಲ, ಪೀಲರಿಗೆ ನಿಲ್ಲದೆ ಹರಿಯುತ್ತದೆ. ಅದನ್ನು ಕೈಯಲ್ಲೇ ಸುಲಿದು ಹಿಸುಕಿ. ಪಟ್ಟಿ ನೀಟಾಗಿ ಬರಬೇಕೆಂದರೆ ಸಿಪ್ಪೆ ಬಿಗಿಯಾಗಿರುವ ಆಮದು ಹಣ್ಣು ತನ್ನಿ. ಮೇಣ ಸವರಿರುತ್ತಾರೆ, ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ.

ಕಹಿ ಹೆಚ್ಚಾಯಿತೆಂದರೆ

ಹಾಗಲಕಾಯಿ ಗೊಜ್ಜು ಇಷ್ಟಪಡುವವರಿಗೆ ಈ ಕಹಿ ಹೊಸದಲ್ಲ: ಕಹಿಯ ಬೆನ್ನಿಗೆ ಸಿಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಮತ್ತೆ ಕಹಿ. ಮೊದಲ ಸಲದವರಿಗೆ ಕಂಪಾರಿಯನ್ನು 20 ಎಂ.ಎಲ್.ಗೆ ಇಳಿಸಿ. ಸಕ್ಕರೆ ಹಾಕುವ ಗೋಜಿಗೆ ಹೋಗಬೇಡಿ, ಸಿಹಿ ಆಗಲೇ ಬೇಕಾದಷ್ಟಿದೆ. ಉಪ್ಪು ಹಾಕಿ ನೋಡಿ, ಎರಡೇ ಎರಡು ಹರಳು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಅಷ್ಟಕ್ಕೂ ಒಗ್ಗದಿದ್ದರೆ ಜಿನ್ ಬಿಟ್ಟು ಸೋಡಾ ತುಂಬಿಸಿ, ಅದೇ ಮೊದಲು ಹೇಳಿದ ಅಮೆರಿಕಾನೊ. ಜಿನ್ ಜಾಗದಲ್ಲಿ ಬರ್ಬನ್ ವಿಸ್ಕಿ ಹಾಕಿದರೆ ಬುಲವಾರ್ಡಿಯೆ.

ನಾಲ್ಕಾರು ಮಂದಿ ಬರುವ ದಿನ ಮೂರನ್ನೂ ತಲಾ 200 ಎಂ.ಎಲ್. ಅಳೆದು, 120 ಎಂ.ಎಲ್. ನೀರು ಸೇರಿಸಿ, ತೊಳೆದ 750 ಎಂ.ಎಲ್. ಬಾಟಲಿಗೆ ತುಂಬಿ ಬೆಳಿಗ್ಗೆಯೇ ಫ್ರಿಜ್‌ನಲ್ಲಿಡಿ. ಆರು ಗ್ಲಾಸಿಗೆ ಧಾರಾಳ. ನೀರು ಆಗಲೇ ಸೇರಿರುವುದರಿಂದ ಐಸ್ ಮೇಲೆ ಸುರಿದು ಹಾಗೇ ಕೊಡಬಹುದು. ಜೊತೆಗೆ ಹುರಿದ ಗೋಡಂಬಿ ಸಾಕು. ಖಾರ ಮಿಕ್ಸ್ಚರ್ ಇಟ್ಟರೆ ಕಹಿ ಇನ್ನಷ್ಟು ಚುಚ್ಚುತ್ತದೆ.

ಲೆಕ್ಕ ತಪ್ಪಬೇಡಿ

ಬಣ್ಣ ನೋಡಿ ಇದನ್ನು ಶರಬತ್ತು ಅಂದುಕೊಳ್ಳುವವರೇ ಹೆಚ್ಚು. ಜಿನ್ ಶೇ 42.8, ಕಂಪಾರಿ ಶೇ 25, ವರ್ಮೂತ್ ಶೇ 16 ಎಂದು ಹಿಡಿದರೆ ಒಂದು ಗ್ಲಾಸಿನಲ್ಲಿ ಶುದ್ಧ ಮದ್ಯಸಾರ ಸುಮಾರು 25 ಎಂ.ಎಲ್. ಅಂದರೆ 60 ಎಂ.ಎಲ್. ವಿಸ್ಕಿಗೆ ಸರಿಸಮ. ಊಟಕ್ಕೆ ಮುಂಚೆ ಒಂದು, ಅದನ್ನೂ ಅರ್ಧ ಗಂಟೆ ಹಿಡಿದು ಗುಟುಕರಿಸುವುದು ಇದರ ಪದ್ಧತಿ. ಗಾಡಿ ತಂದವರಿಗೆ ಗ್ಲಾಸ್ ಕೊಡುವ ಮುಂಚೆ ಕೀ ಇಸಿದುಕೊಳ್ಳಿ, ಹೋಗುವಾಗ ಆಟೊ ಹತ್ತಿಸಿ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ. ಅದನ್ನು ದಾಟಲು ಒಂದು ನೆಗ್ರೋನಿಯೇ ಸಾಕಾಗಬಹುದು.