ಸಿಕ್ಕಿದ್ದೆಲ್ಲ ಆಟಿಕೆ: ಮಕ್ಕಳ ಬಗ್ಗೆ ಎಚ್ಚರ

ಶೇಂಗಾ ಸುಲಿಯುವ ದಿನಗಳಲ್ಲಿ ಮನೆಯವರೆಲ್ಲರ ಕೈಗೂ ಕೆಲಸ. ಚಿಕ್ಕ ಮಗು ಪಕ್ಕದಲ್ಲಿ ಕುಳಿತು ಕಾಳುಗಳನ್ನು ಡಬ್ಬಿಗೆ ತುಂಬುತ್ತ, ಸುರಿಯುತ್ತ ಆಡುತ್ತಿರುತ್ತದೆ. ಅಳದೆ ಆಡುತ್ತಿದೆಯಲ್ಲ ಎಂದು ದೊಡ್ಡವರು ನಿಶ್ಚಿಂತರಾಗುತ್ತಾರೆ. ಆದರೆ ಒಕ್ಕಲುತನದ ಮನೆಯಲ್ಲಿ ಪೇಟೆಯಿಂದ ತಂದ ಗೊಂಬೆಯಷ್ಟೇ ಆಟಿಕೆಯಲ್ಲ. ಮಗುವಿನ ಕೈಗೆ ಸಿಕ್ಕಿದ್ದೆಲ್ಲವೂ ಆಟಿಕೆಯೇ. ಮೂರು ವರ್ಷದೊಳಗಿನ ಮಗು ಅದನ್ನು ಮೊದಲು ಬಾಯಿಗೆ ಹಾಕುತ್ತದೆ.

ರಟ್ಟಿನ ಅಳತೆಗೊಳವೆ

10 ಸೆಂ.ಮೀ. ಉದ್ದ, 5.5 ಸೆಂ.ಮೀ. ಅಗಲದ ರಟ್ಟನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿದರೆ ಸುಮಾರು 3.2 ಸೆಂ.ಮೀ. ಬಾಯಿಯ ಕೊಳವೆಯಾಗುತ್ತದೆ. ಇದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಗೋಲಿ, ಗುಂಡಿ, ಹುಣಸೆ ಬೀಜ, ಮುರಿದ ಆಟಿಕೆಯ ಗಾಲಿ ಎಲ್ಲವೂ ಇದರಲ್ಲಿ ಇಳಿಯುತ್ತವೆ. ಚೆಂಡಾದರೆ 4.5 ಸೆಂ.ಮೀ.ಗಿಂತ ದಪ್ಪವಿರಬೇಕು. ಮನೆಯಲ್ಲಿ ಹಲವು ಮಕ್ಕಳಿದ್ದರೆ ಎಲ್ಲರಿಗಿಂತ ಚಿಕ್ಕ ಮಗುವಿನ ವಯಸ್ಸನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶ್ವಾಸನಾಳದಲ್ಲಿ ಶೇಂಗಾ

ಎಳೆಯ ಮಕ್ಕಳಿಗೆ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಕಾಳು ಬಾಯಲ್ಲಿರುವಾಗ ನಕ್ಕರೆ, ಅತ್ತರೆ, ಓಡಿದರೆ ಅದು ಉಸಿರಿನೊಡನೆ ಶ್ವಾಸನಾಳಕ್ಕೆ ಜಾರುತ್ತದೆ. ಆಗ ಮಗು ಥಟ್ಟನೆ ಕೆಮ್ಮುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೆಮ್ಮು ನಿಲ್ಲಬಹುದು. ಮೋಸ ಹೋಗುವುದು ಇಲ್ಲಿಯೇ. ಕಾಳು ಒಳಗೇ ಉಳಿದು, ತೇವ ಹೀರಿ ಉಬ್ಬುತ್ತದೆ. ಶೇಂಗಾದ ಎಣ್ಣೆಯಿಂದ ನಾಳದ ಒಳಪದರ ಕೆರಳಿ ಊದಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಕೆಮ್ಮು, ಜ್ವರ, ಸುಯ್ಯೆನ್ನುವ ಉಸಿರು ಕಾಣಿಸಿದಾಗ ಅದನ್ನು ನೆಗಡಿಯೆಂದೋ ಉಬ್ಬಸವೆಂದೋ ತಿಳಿಯುವುದುಂಟು. ಕಾಳು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ "ಆಡುವಾಗ ಹಠಾತ್ತನೆ ಕೆಮ್ಮಿತ್ತು" ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಕೊಳವೆ ಇಳಿಸಿ ಕಾಳನ್ನು ಹೊರತೆಗೆಯುವ ಚಿಕಿತ್ಸೆಗೆ ಆ ಒಂದು ಮಾತು ದಾರಿಯಾಗುತ್ತದೆ.

ಗುಲಗಂಜಿ ಮತ್ತು ಹರಳು ಬೀಜಗಳು ಅಗಿದರೆ ವಿಷ. ಅವುಗಳನ್ನು ಆಟಕ್ಕೆ ಕೊಡಬಾರದು, ಸರ ಪೋಣಿಸಿ ಕೊರಳಿಗೆ ಹಾಕಲೂಬಾರದು. ಕೀಟನಾಶಕದ ಖಾಲಿ ಡಬ್ಬಿಗಳಿಂದ ಮಕ್ಕಳು ಗಾಡಿ ಮಾಡಿ ಆಡುತ್ತಾರೆ. ತೊಳೆದರೂ ಅವು ಆಟಿಕೆಗೆ ಯೋಗ್ಯವಲ್ಲ. ತೂತು ಮಾಡಿ, ಮಕ್ಕಳ ಕೈಗೆಟುಕದಂತೆ ವಿಲೇವಾರಿ ಮಾಡಬೇಕು.

ಕೊಳ್ಳುವಾಗ ನೋಡಬೇಕಾದ್ದು

14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಜಾತ್ರೆ, ಸಂತೆಗಳಲ್ಲಿಯೂ ಈ ಗುರುತನ್ನು ಕೇಳಿ ಕೊಳ್ಳಬೇಕು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ವಸ್ತುಗಳ ಅಧಿಕೃತ ತಯಾರಕರಿಗೂ ವಿನಾಯಿತಿಯಿದೆ. ಚನ್ನಪಟ್ಟಣದ ಗೊಂಬೆಗಳು ಭೌಗೋಳಿಕ ಗುರುತು ಪಡೆದಿವೆ. ಆಲೆ ಮರದಲ್ಲಿ ಕಡೆದು, ಅರಗಿನಲ್ಲಿ ಸಸ್ಯಜನ್ಯ ಬಣ್ಣ ಬೆರೆಸಿ ಮೆರುಗು ಕೊಟ್ಟ ಗೊಂಬೆ ಉತ್ತಮ. ಆದರೆ ಅದರ ಗಾತ್ರವನ್ನೂ ಕೊಳವೆಯಲ್ಲಿ ಪರೀಕ್ಷಿಸಬೇಕು. ಬಣ್ಣ ಚಕ್ಕೆಯೇಳುವ ಅಗ್ಗದ ಆಟಿಕೆಗಳು ಬೇಡ. ಅಂಥ ಬಣ್ಣದಲ್ಲಿ ಸೀಸವಿರಬಹುದು.

ದೀಪ ಹೊಳೆಯುವ, ಹಾಡುವ ಆಟಿಕೆಗಳ ಗುಂಡಿಯಾಕಾರದ ಬ್ಯಾಟರಿ ಬಲು ಅಪಾಯಕಾರಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಆಳವಾಗಿ ಸುಡಬಲ್ಲದು. ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಒಡೆದ ಬಲೂನಿನ ಚೂರುಗಳನ್ನು ಕೂಡಲೇ ಆಯ್ದು ಬಿಸಾಡಬೇಕು.

ಕಣ್ಣಿನ ರಕ್ಷಣೆ

ಬಿಲ್ಲುಬಾಣ, ಕವಣೆ, ಚಿನ್ನಿದಾಂಡು, ಮೊಳೆಯ ಬುಗುರಿ ಇವುಗಳಿಂದ ಕಣ್ಣಿಗೆ ಪೆಟ್ಟಾಗಬಹುದು. ಚಿನ್ನಿ ಹೊಡೆಯುವಾಗ ಎಳೆಯ ಮಕ್ಕಳನ್ನು ದೂರ ನಿಲ್ಲಿಸಬೇಕು. ಕಣ್ಣಿಗೆ ಏನಾದರೂ ಚುಚ್ಚಿದರೆ ಉಜ್ಜಬಾರದು, ಕೀಳಬಾರದು, ಎದೆಹಾಲು ಅಥವಾ ಸೊಪ್ಪಿನ ರಸ ಹಿಂಡಬಾರದು. ಒತ್ತದಂತೆ ಶುಚಿಯಾದ ಬಟ್ಟಲನ್ನು ಮೇಲೆ ಮುಚ್ಚಿ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಗಂಟಲಲ್ಲಿ ಸಿಕ್ಕಿಕೊಂಡಾಗ

1. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ನೀರು ಕುಡಿಸಬಾರದು.

2. ದನಿ ಹೊರಡದೆ, ಉಸಿರಾಡಲಾಗದೆ ಇದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಹೊಡೆಯಬೇಕು. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿನಲ್ಲಿರುವಂತೆ ಹಿಡಿದು ಹೊಡೆಯಬೇಕು.

3. ವಸ್ತು ಬರದಿದ್ದರೆ ಕೂಸನ್ನು ಅಂಗಾತ ತಿರುಗಿಸಿ ಎದೆಯ ನಡುಭಾಗವನ್ನು 5 ಸಲ ಒತ್ತಬೇಕು. ಒಂದು ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು. ವಸ್ತು ಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು.

4. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಬಾರದು. ಅದು ಇನ್ನೂ ಒಳಕ್ಕೆ ಹೋಗುತ್ತದೆ.

5. ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು.

ಶೇಂಗಾ ಸುಲಿಯಲು ಕೂರುವ ಮುನ್ನ ಮಗುವಿಗೊಂದು ದೊಡ್ಡ ಮರದ ಚಮಚ, ಒಂದು ತಟ್ಟೆ ಕೊಟ್ಟು, ಕಾಳಿನ ರಾಶಿಯಿಂದ ದೂರದಲ್ಲಿ, ಹಿರಿಯರೊಬ್ಬರ ಕಣ್ಣೆದುರಿಗೆ ಕೂರಿಸುವುದು ಕಷ್ಟದ ಕೆಲಸವಲ್ಲ. ಇದಕ್ಕೆ ಖರ್ಚೂ ಇಲ್ಲ.