ಮಾಲು ಬಾರದಿದ್ದರೆ ಪರಿಹಾರ ಎಷ್ಟು?



ಪುಣೆಯ ನಮ್ಮ ಹೋಟೆಲ್‌ಗಳಿಗೆ ಅಕ್ಕಿ, ಬೇಳೆ, ಈರುಳ್ಳಿ ಹೆಚ್ಚಾಗಿ ಬರುವುದು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ. ವ್ಯವಹಾರವೆಲ್ಲ ಬಹುಪಾಲು ಬಾಯಿಮಾತಿನದು. ದರ ಏರಿದ ದಿನ ವ್ಯಾಪಾರಿ ಕೈಕೊಟ್ಟರೆ ನಮಗೆ ಸಿಗಬೇಕಾದ್ದೇನು?

1872ರ ಭಾರತೀಯ ಕರಾರು ಕಾಯಿದೆಯ 73ನೇ ಕಲಂ ಮತ್ತು 1930ರ ಸರಕು ಮಾರಾಟ ಕಾಯಿದೆಯ 57ನೇ ಕಲಂ ಇದಕ್ಕೆ ಆಧಾರ. ಒಂದು ಉದಾಹರಣೆ ನೋಡೋಣ. ಕಿಲೋಗೆ 20 ರೂ.ನಂತೆ 1,000 ಕಿಲೋ ಈರುಳ್ಳಿ ಗೊತ್ತು ಮಾಡಿದ್ದೇವೆ. ಹೇಳಿದ ದಿನ ಮಾಲು ಬರಲಿಲ್ಲ, ಅಂದಿನ ಪೇಟೆ ದರ 32 ರೂ. ವ್ಯತ್ಯಾಸ 12 ರೂ., ಅಂದರೆ ಪರಿಹಾರ 12,000 ರೂ. ಕೊಟ್ಟ ಮುಂಗಡವನ್ನೂ ವಾಪಸು ಕೇಳಬಹುದು. ಆದರೆ 32ಕ್ಕೆ ಸಿಗುತ್ತಿದ್ದುದನ್ನು ವಿಚಾರಿಸದೆ 40ಕ್ಕೆ ಕೊಂಡರೆ ಆ ಹೆಚ್ಚಿನ 8 ರೂ. ನಮ್ಮ ತಲೆಗೇ. ನಷ್ಟ ತಗ್ಗಿಸಲು ನಾವೂ ಪ್ರಯತ್ನಿಸಿರಬೇಕೆಂಬುದು ನಿಯಮ.

ಮಾಲಿಲ್ಲದೆ ಮದುವೆಯ ಆರ್ಡರೇ ಕೈತಪ್ಪಿದರೆ? ಈ ಮಾಲು ಇಂಥ ದಿನದ ಮದುವೆಗೆ ಎಂಬುದು ಕರಾರಿನ ಹೊತ್ತಿಗೇ ವ್ಯಾಪಾರಿಗೆ ತಿಳಿದಿದ್ದರೆ ಮಾತ್ರ ಆ ನಷ್ಟ ಕೇಳಲು ದಾರಿಯುಂಟು. ಆಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಪುರಾವೆಯ ಮಹತ್ವಕ್ಕೆ ಸುಪ್ರೀಂ ಕೋರ್ಟಿನ 1961ರ ಮುರಳೀಧರ್ ಚಿರಂಜಿಲಾಲ್ ಪ್ರಕರಣ ಒಳ್ಳೆಯ ಪಾಠ. ಕಾನ್ಪುರದಲ್ಲಿ ಕೊಡಬೇಕಿದ್ದ ಕ್ಯಾನ್ವಾಸ್ ಬಟ್ಟೆಯನ್ನು ಮಾರಾಟಗಾರ ಕೊಡಲಿಲ್ಲ. ತಪ್ಪು ಅವನದೇ. ಆದರೂ ಖರೀದಿದಾರ ಕಲ್ಕತ್ತೆಯ ದರ ತೋರಿಸಿದನೇ ಹೊರತು ಅಂದಿನ ಕಾನ್ಪುರ ದರ ತೋರಿಸಲಿಲ್ಲ. ಪರಿಹಾರ ಸಿಗಲಿಲ್ಲ.

ಮಾಲು ಬಂದು ಗುಣಮಟ್ಟ ಕೆಟ್ಟಿದ್ದರೆ ಕೂಡಲೇ ಪರೀಕ್ಷಿಸಿ, ಬೇಡವೆಂದು ಬರಹದಲ್ಲಿ ತಿಳಿಸಬೇಕು. ಸುಮ್ಮನೆ ಇಟ್ಟುಕೊಂಡರೆ ಒಪ್ಪಿದಂತೆಯೇ ಲೆಕ್ಕ. ಒಪ್ಪಿಕೊಂಡ ಮೇಲೂ 59ನೇ ಕಲಂ ಪ್ರಕಾರ ಬೆಲೆಯಲ್ಲಿ ಕಡಿತ ಕೇಳಬಹುದು.

ಆದ್ದರಿಂದ ಸದಸ್ಯರು ಗಮನಿಸಬೇಕಾದ್ದು:

1. ದರ, ತೂಕ, ದರ್ಜೆ, ದಿನಾಂಕ, ಮಾಲು ಮುಟ್ಟಿಸುವ ಸ್ಥಳ ಇವಿಷ್ಟನ್ನೂ ಚೀಟಿಯಲ್ಲೋ ಮೊಬೈಲ್ ಸಂದೇಶದಲ್ಲೋ ಬರೆಸಿಕೊಳ್ಳಿ.
2. ದೊಡ್ಡ ಸಮಾರಂಭವಿದ್ದರೆ ಅದನ್ನೂ ಅದರಲ್ಲೇ ನಮೂದಿಸಿ.
3. ಮಾಲು ಬಾರದ ದಿನದ ಬಾಜಾರ ಸಮಿತಿಯ ದರಪಟ್ಟಿ ಮತ್ತು ಬೇರೆ ಕಡೆ ಕೊಂಡ ಬಿಲ್ಲನ್ನು ಜೋಪಾನವಾಗಿಡಿ.
4. ಕರಾರು ಮುರಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಅದಕ್ಕೂ ಮುನ್ನ ವಕೀಲರಿಂದ ನೋಟಿಸು ಕೊಡಿಸಿ. ಎಷ್ಟೋ ತಕರಾರು ಅಲ್ಲಿಗೇ ಮುಗಿಯುತ್ತದೆ.

ನಂಬಿಕೆಯ ವ್ಯಾಪಾರ ನಮಗೆ ಹೊಸದಲ್ಲ. ಆದರೆ ಕೋರ್ಟು ಕೇಳುವುದು ಚೀಟಿಯನ್ನು.